ಅರ ಹಿಡಿದ ಕೈ

ಹರದನಹಳ್ಳಿ ಅಂದ ಕೂಡಲೇ ಎದುರಿಗಿದ್ದವರು "ಓ, ದೇವೇಗೌಡ್ರ ಊರು" ಅನ್ನುತ್ತಾರೆ. ಅನ್ನಲೇಬೇಕು. 1933ರಲ್ಲಿ ಇಲ್ಲಿ ಹುಟ್ಟಿದ ಹುಡುಗ 1996ರಲ್ಲಿ ದೇಶದ ಪ್ರಧಾನಿಯಾದದ್ದು ಹೊಳೆನರಸೀಪುರ ತಾಲ್ಲೂಕಿನ ಯಾವ ಜಗಲಿಯ ಮೇಲೂ ಇನ್ನೂ ಮುಗಿಯದ ಮಾತು. ಆದರೆ ಆ ಮಾತಿನ ನಡುವೆ ಒಂದು ಸಂಗತಿ ಸಾಮಾನ್ಯವಾಗಿ ಜಾರಿಹೋಗುತ್ತದೆ. ಅವರು ಓದಿದ್ದು ಹಾಸನದ ಎಲ್.ವಿ. ಪಾಲಿಟೆಕ್ನಿಕ್ಕಿನಲ್ಲಿ, ಸಿವಿಲ್ ಡಿಪ್ಲೊಮಾ. ಅಳತೆಪಟ್ಟಿ, ನಕ್ಷೆ, ಮಟ್ಟ ಹಿಡಿಯುವ ಓದು ಅದು. ರಾಜಕೀಯದ ಮಾತಿಗೆ ಇನ್ನೊಂದು ದಿನ ಕೂರೋಣ. ಅದೇ ಹಾಸನಕ್ಕೆ, ಮೈಸೂರು–ಅರಸೀಕೆರೆ ದಾರಿಯ ಪ್ಯಾಸೆಂಜರ್ ರೈಲು ಹತ್ತಿ ಹೋಗಿ, ಐಟಿಐ ಸೇರಿ, ಆಮೇಲೆ ಯಾವುದೋ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಎಣ್ಣೆ ಮೆತ್ತಿದ ನೀಲಿ ಅಂಗಿ ತೊಟ್ಟ ಹುಡುಗರೂ ಈ ಸೀಮೆಯಲ್ಲಿ ಇದ್ದಾರಲ್ಲ, ನನಗೆ ಮಾತಾಡಬೇಕೆನಿಸಿರುವುದು ಅವರ ವಿಷಯ. ನಾನೂ ಅವರಲ್ಲೊಬ್ಬ.

"ಯಾವ ಟ್ರೇಡು?" ಅಂತ ಯಾರಾದರೂ ಕೇಳಿ "ಮಷಿನಿಸ್ಟ್" ಅಂದರೆ ನಮ್ಮ ಕಡೆ ಒಂದು ಗಳಿಗೆ ಮೌನ. ಎಲೆಕ್ಟ್ರಿಷಿಯನ್ ಗೊತ್ತು, ಮನೆಗೆ ಬಂದು ಫ್ಯಾನು ಸರಿಮಾಡುತ್ತಾನೆ. ಫಿಟ್ಟರ್ ಗೊತ್ತು. ಟರ್ನರ್ ಕೂಡ ಗೊತ್ತು, ಲೇತ್ ಅಂಗಡಿಯಲ್ಲಿ ನಿಂತಿರುತ್ತಾನೆ. ಈ ಮಷಿನಿಸ್ಟ್ ಯಾರು? ಲೇತಿನಲ್ಲಿ ತಿರುಗುವುದು ಕಬ್ಬಿಣ, ಟೂಲು ಅದಕ್ಕೆ ತಾಗಿಕೊಂಡು ನಿಧಾನಕ್ಕೆ ಸರಿಯುತ್ತದೆ. ಹಾಗಾಗಿ ಅಲ್ಲಿ ಹುಟ್ಟುವುದೆಲ್ಲ ಹೆಚ್ಚುಕಡಿಮೆ ದುಂಡನೆಯದು. ಮಿಲ್ಲಿಂಗ್ ಮಷಿನ್ನಿನಲ್ಲಿ ತಿರುಗುವುದು ಕಟ್ಟರ್. ಅಲ್ಲಿ ಚಪ್ಪಟೆ ಮುಖ, ತೋಡು, ಹಲ್ಲು ಎಲ್ಲ ಮೂಡುತ್ತವೆ. ಆ ಮಿಲ್ಲಿಂಗು, ಶೇಪರು, ಸ್ಲಾಟರು, ಗ್ರೈಂಡಿಂಗು ಇವುಗಳ ಒಡೆಯ ಮಷಿನಿಸ್ಟ್. ಎರಡು ವರ್ಷದ ಓದು. ಆಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಾರ್ಖಾನೆಯಲ್ಲಿ ಸ್ಟೈಪೆಂಡಿನ ಮೇಲೆ ತರಬೇತಿ, ಕೊನೆಗೆ ಅಖಿಲ ಭಾರತ ಮಟ್ಟದ ಪರೀಕ್ಷೆ, ಸರ್ಟಿಫಿಕೇಟು. ಇಷ್ಟನ್ನೂ ಬಿಡಿಸಿ ಹೇಳಿದ ಮೇಲೆ ನಮ್ಮ ದೊಡ್ಡಮ್ಮ ಕೇಳಿದ ಪ್ರಶ್ನೆ: "ಅದೆಲ್ಲ ಸರಿ ಕಣಪ್ಪ, ಕೆಲ್ಸ ಏನು?"

ದೊಡ್ಡಮ್ಮನಿಗೆ ಉತ್ತರ ಹೇಳುವುದಕ್ಕೆ ನಾನು ಊರಿನ ಕುಲುಮೆಯನ್ನೇ ತೋರಿಸಬಹುದಿತ್ತು. ಹಿಂದೆ ಮುಂಗಾರು ಹತ್ತಿರ ಬಂತೆಂದರೆ ಆಚಾರ್ರ ಕುಲುಮೆಯ ಮುಂದೆ ನೇಗಿಲ ಗುಳಗಳ ರಾಶಿ. ತಿದಿ ಒತ್ತುವುದಕ್ಕೆ ಹುಡುಗರ ಪೈಪೋಟಿ. ಕೂಲಿ ಅಂತ ದಿನಕ್ಕೆ ದುಡ್ಡಿಲ್ಲ, ಸುಗ್ಗಿಯಲ್ಲಿ ಕಣದಿಂದ ಆಯದ ರಾಗಿ. ಆಚಾರ್ರ ಬಳಿ ಥರ್ಮಾಮೀಟರ್ ಎಲ್ಲಿತ್ತು? ಕಾಯ್ದ ಉಕ್ಕಿನ ಬಣ್ಣವೇ ಅವರ ಥರ್ಮಾಮೀಟರ್. ಗುಳದ ತುದಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ತೆಗೆದು ಉಜ್ಜಿದರೆ, ಒಳಗಿನ ಕಾವು ತುದಿಯ ಕಡೆಗೆ ಹರಿಯುತ್ತ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಆಮೇಲೆ ನೀಲಿ. ಬೇಕಾದ ಬಣ್ಣ ತುದಿಗೆ ಬಂದ ಕ್ಷಣ ಮತ್ತೆ ನೀರಿಗೆ. ತಡವಾದರೆ ಮೊನೆ ಮೆತ್ತಗೆ, ಅವಸರವಾದರೆ ಪುಡಿಪುಡಿ. ಐಟಿಐಯಲ್ಲಿ ಉಕ್ಕಿಗೆ ಹದ ಕೊಡುವ ಪಾಠ ಬಂದಾಗ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ಇದೇ ಬಣ್ಣಗಳ ಪಟ್ಟಿ. ಎದುರಿಗೆ ಡಿಗ್ರಿ ಲೆಕ್ಕ ಇತ್ತು, ಅಷ್ಟೇ ವ್ಯತ್ಯಾಸ.

ಮಷಿನಿಸ್ಟ್ ಅಂದ ಮೇಲೆ ಮೊದಲ ದಿನವೇ ಮಷಿನ್ ಮುಟ್ಟಿಸುತ್ತಾರೆ ಅಂದುಕೊಂಡಿರಾ? ಇಲ್ಲ ಸ್ವಾಮಿ. ವೈಸಿನ ಮುಂದೆ ನಿಲ್ಲಿಸಿ ಕೈಗೊಂದು ಅರ ಕೊಡುತ್ತಾರೆ, ಜೊತೆಗೊಂದು ಮೈಲ್ಡ್ ಸ್ಟೀಲ್ ತುಂಡು. ಅದರ ಮುಖಗಳೆಲ್ಲ ಸಮ ಆಗಬೇಕು, ಒಂದಕ್ಕೊಂದು ಲಂಬ ಆಗಬೇಕು. ವೈಸು ಮೊಣಕೈ ಎತ್ತರಕ್ಕಿರಬೇಕು, ಎಡಗಾಲು ಮುಂದೆ. ಅರ ಮುಂದಕ್ಕೆ ಹೋಗುವಾಗಷ್ಟೇ ಕೊಯ್ಯುತ್ತದೆ, ಹಿಂದಕ್ಕೆ ಎಳೆಯುವಾಗ ಒತ್ತಿದರೆ ಹಲ್ಲು ಸವೆಯುತ್ತದೆ. ಇದಿಷ್ಟು ಯಾರಿಗಾದರೂ ಅರ್ಥವಾಗುತ್ತದೆ. ಕಷ್ಟ ಇರುವುದು ಒತ್ತಡದಲ್ಲಿ. ಹೊರಡುವಾಗ ಅರದ ತುದಿಯ ಮೇಲಿನ ಎಡಗೈ ಹೆಚ್ಚು ಒತ್ತಬೇಕು, ನಡುವೆ ಎರಡೂ ಕೈ ಸಮ, ಕೊನೆಗೆ ಹಿಡಿಯ ಮೇಲಿನ ಬಲಗೈ ಹೆಚ್ಚು. ಈ ಬದಲಾವಣೆ ಆಗದಿದ್ದರೆ ಅರ ತೂಗುತ್ತದೆ, ತುಂಡಿನ ಅಂಚು ತಗ್ಗಿ ನಡು ಉಬ್ಬುತ್ತದೆ. ಉಳುವವನ ಕೈ ಮೇಣಿಯ ಮೇಲೆ ಹೇಗೆ ಹೆಜ್ಜೆಹೆಜ್ಜೆಗೂ ತನ್ನಷ್ಟಕ್ಕೆ ಭಾರ ಬದಲಿಸುತ್ತದೋ ಹಾಗೆ. ಬಾಯಲ್ಲಿ ಹೇಳಿ ಕಲಿಸುವುದಕ್ಕೆ ಬರುವುದಿಲ್ಲ.

ಆಮೇಲೆ ಪರೀಕ್ಷೆ. ಮೇಷ್ಟ್ರು ತುಂಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅದರ ಮೇಲೆ ಟ್ರೈ ಸ್ಕ್ವೇರಿನ ಅಲಗು ಇಟ್ಟು, ಕಿಟಕಿಯ ಕಡೆ ತಿರುಗುತ್ತಾರೆ. ಅಲಗಿಗೂ ಕಬ್ಬಿಣಕ್ಕೂ ನಡುವೆ ಬೆಳಕಿನ ಗೆರೆ ಕಂಡರೆ ಮತ್ತೆ ವೈಸಿಗೆ. ಅವರು ಬೈಯುವುದಿಲ್ಲ, ಬೈಯುವ ಅಗತ್ಯವೂ ಇಲ್ಲ. ಬೆಳಕು ಕಂಡದ್ದು ನಿಮಗೂ ಕಂಡಿದೆಯಲ್ಲ! ಈ ಪರೀಕ್ಷೆಯಲ್ಲಿ ವಶೀಲಿ ನಡೆಯುವುದಿಲ್ಲ, ಜಾತಿ ನಡೆಯುವುದಿಲ್ಲ, ಅಪ್ಪನ ಜಮೀನು ಎಷ್ಟೆಕರೆ ಎನ್ನುವುದೂ ನಡೆಯುವುದಿಲ್ಲ. ಹಳ್ಳಿಯ ಹುಡುಗನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಏನಿದೆ, ನೀವೇ ಹೇಳಿ.

ಮೈಕ್ರೋಮೀಟರ್ ಕೈಗೆ ಬರುವುದು ಸ್ವಲ್ಪ ಆಮೇಲೆ. ಅದರ ಹೊಟ್ಟೆಯಲ್ಲಿರುವುದು ಒಂದು ಸ್ಕ್ರೂ. ಪೂರ್ತಿ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಮುಂದೆ ಹೋಗುತ್ತದೆ. ತಿರುಗಿಸುವ ಥಿಂಬಲಿನ ಮೇಲೆ 50 ಗೆರೆ. ಒಂದು ಗೆರೆಗೆ ಮಿಲಿಮೀಟರಿನ ನೂರನೇ ಒಂದು ಭಾಗ, ಅಂದರೆ 10 ಮೈಕ್ರಾನ್. ನಮ್ಮ ತಲೆಗೂದಲು ಇದರ ಐದಾರು ಪಟ್ಟು, ಕೆಲವರದು ಇನ್ನೂ ದಪ್ಪ. ಸೇರು, ಪಾವು, ಮಾರು, ಗೇಣು ಅಂತ ಬೆಳೆದವರಿಗೆ ಈ ಅಳತೆ ಒಂದು ಹೊಸ ಲೋಕ. ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯಬೇಕೆನಿಸುತ್ತದೆ: ಬೀಡಿ ಎಲೆ, ಬಸ್ ಟಿಕೆಟ್, ಹಸುವಿನ ಬಾಲದ ಕೂದಲು.

ಅಳತೆಯ ಮಾತು ಬಂತು, ಆಲೆಮನೆಯ ಕಡೆಗೆ ಒಂದು ಹೆಜ್ಜೆ ಹೋಗಿ ಬರೋಣ. ನಮ್ಮ ಕಡೆ ಕಬ್ಬು ಅರೆಯುವ ಗಾಣದ ಗೇರ್ ಹಲ್ಲು ಮುರಿದರೆ ಎಲ್ಲ ನಿಂತಂತೆಯೇ. ಕಡಿದ ಕಬ್ಬು ಕಾಯುವುದಿಲ್ಲ. ಮುರಿದ ಗೇರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಯಾರೋ ಪೇಟೆಯ ವರ್ಕ್‌ಶಾಪಿಗೆ ಓಡುತ್ತಾರೆ. ಅಲ್ಲಿ ಮಷಿನಿಸ್ಟ್ ಇದ್ದರೆ ಬಚಾವು. ಹಲ್ಲು ಎಣಿಸುತ್ತಾನೆ, 30 ಅನ್ನಿ. ಮಿಲ್ಲಿಂಗ್ ಮಷಿನ್ನಿನ ಇಂಡೆಕ್ಸಿಂಗ್ ಹೆಡ್ಡಿನಲ್ಲಿ ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ಕೆಲಸ ಒಂದು ಸುತ್ತು ತಿರುಗುತ್ತದೆ. 40ನ್ನು 30ರಿಂದ ಭಾಗಿಸಿ: ಒಂದು ಪೂರ್ಣ ಸುತ್ತು, ಮೇಲೆ ಮೂರನೇ ಒಂದು ಭಾಗ. ತೂತುಗಳ ತಟ್ಟೆಯಲ್ಲಿ 18 ತೂತಿನ ಸಾಲು ಹಿಡಿದರೆ ಒಂದು ಸುತ್ತು ಮತ್ತು 6 ತೂತು. ಒಂದು ಗುಟ್ಟು ಇಲ್ಲಿದೆ: ಪಿನ್ ಈಗಾಗಲೇ ಕೂತಿರುವ ತೂತನ್ನು ಲೆಕ್ಕಕ್ಕೆ ಹಿಡಿಯಬಾರದು, ಅದರ ಮುಂದಿನದು ಒಂದು. ಅದನ್ನೂ ಸೇರಿಸಿ ಎಣಿಸಿದವನ ಗೇರಿನಲ್ಲಿ ಕೊನೆಯ ಹಲ್ಲು ಮೊದಲನೆಯದರ ಜೊತೆ ಕೂಡುವುದೇ ಇಲ್ಲ. ಪ್ರೈಮರಿ ಶಾಲೆಯಲ್ಲಿ ಭಿನ್ನರಾಶಿ ಕಂಡು ಓಡಿದ ಹುಡುಗರು ಈ ಹಿಡಿಕೆಯ ಮುಂದೆ ನಿಂತು ಭಿನ್ನರಾಶಿಯನ್ನು ಪ್ರೀತಿಸಿದ್ದನ್ನು ನಾನು ಕಂಡಿದ್ದೇನೆ.

ಇಂಥ ಮಷಿನ್ನುಗಳು ನಮ್ಮ ರಾಜ್ಯದಲ್ಲೂ ತಯಾರಾದವು ಎನ್ನುವುದನ್ನು ಎಷ್ಟು ಜನ ನೆನೆಯುತ್ತಾರೆ? ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು, ಅದರ ಲೇತುಗಳು ದೇಶದ ಮೂಲೆಮೂಲೆಗೆ ಹೋದವು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ, 1953. ಎಚ್‌ಎಂಟಿ ಅಂದರೆ ನಮಗೆಲ್ಲ ಮದುವೆಯಲ್ಲಿ ಅಳಿಯನಿಗೆ ಕಟ್ಟಿದ ವಾಚು. ಆದರೆ ವಾಚು ಬಂದದ್ದು ಆಮೇಲೆ, ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ. ಅದಕ್ಕೆ ಮೊದಲು ಸ್ವಿಟ್ಜರ್ಲೆಂಡಿನ ಊರ್ಲಿಕಾನ್ ಕಂಪನಿಯ ನೆರವಿನಿಂದ ಅಲ್ಲಿ ಹುಟ್ಟಿದ್ದು ಲೇತು, ಅಂದರೆ ಬೇರೆ ಯಂತ್ರಗಳನ್ನು ಹೆರುವ ಯಂತ್ರ. ಇಂಥ ಕಾರ್ಖಾನೆಗಳು ಕಬ್ಬಿಣದ ಜೊತೆ ಹುಡುಗರನ್ನೂ ಕಡೆದು ಕಳಿಸಿದವು. ಪೀಣ್ಯದ ಸಣ್ಣಪುಟ್ಟ ಶೆಡ್ಡುಗಳನ್ನು ಹೊಕ್ಕು ನೋಡಿ. ಮಾಲೀಕನೇ ಒಂದು ಕಾಲದ ಅಪ್ರೆಂಟಿಸ್ ಆಗಿರುವುದು ಅಪರೂಪವೇನಲ್ಲ.

ಶಿಷ್ಯಪರಂಪರೆ ಅಂದರೆ ಸಂಗೀತದವರು ಮಾತ್ರ ಹೆಮ್ಮೆ ಪಡಬೇಕೇ? ಲಂಡನ್ನಿನಲ್ಲಿ ಬೀಗ ಮಾಡುತ್ತಿದ್ದ ಜೋಸೆಫ್ ಬ್ರಾಮಾ ಬಳಿ ಕೆಲಸ ಮಾಡಿದವನು ಹೆನ್ರಿ ಮಾಡ್ಸ್‌ಲೇ. 1800ರ ಆಸುಪಾಸಿನಲ್ಲಿ ಕರಾರುವಾಕ್ಕಾಗಿ ಸ್ಕ್ರೂ ಕತ್ತರಿಸುವ ಲೇತನ್ನು ರೂಢಿಗೆ ತಂದವನು. ಅವನ ವರ್ಕ್‌ಶಾಪಿನಲ್ಲಿ ಪಳಗಿದವನು ಜೋಸೆಫ್ ವಿಟ್ವರ್ತ್. ಬೋಲ್ಟು ನಟ್ಟುಗಳ ಮರೆಗೆ, ಅಂದರೆ ಥ್ರೆಡ್ಡಿಗೆ, 1841ರಲ್ಲಿ ಒಂದೇ ಅಳತೆ ಸೂಚಿಸಿದ. ನಮ್ಮ ಹಳೆಯ ಪಂಪ್‌ಸೆಟ್ಟಿನ ಬೋಲ್ಟುಗಳಲ್ಲಿ ಇವತ್ತಿಗೂ ಅವನ ಮರೆ ಸಿಗುತ್ತದೆ. ಶೇಪರ್ ಮಷಿನ್ ಕೊಟ್ಟ ಜೇಮ್ಸ್ ನೇಸ್ಮಿತ್ ಕೂಡ ಮಾಡ್ಸ್‌ಲೇ ಗರಡಿಯವನೇ.

ಲಂಡನ್ ತನಕ ಹೋದವರು ಬೇಲೂರಿಗೆ ಬರದಿದ್ದರೆ ಹೇಗೆ? ನಮ್ಮದೇ ಜಿಲ್ಲೆ. ಎಲ್ಲರೂ ಮದನಿಕೆಯರನ್ನು ನೋಡಲು ಕತ್ತು ಮೇಲೆತ್ತುತ್ತಾರೆ. ಕೆಲಸ ಕಲಿತ ಮೇಲೆ ಮೊದಲ ಸಲ ಹೋದಾಗ ನನ್ನ ಕಣ್ಣು ನೆಟ್ಟದ್ದು ನವರಂಗದ ಕಂಬಗಳ ಮೇಲೆ. ಬಳಪದ ಕಲ್ಲಿನ ಕಂಬ, ಗಂಟೆಯಾಕಾರದ ಉಬ್ಬು, ಅದರ ಮೇಲೆ ಕತ್ತಿಯಂಚಿನಷ್ಟು ತೆಳುವಾದ ಬಳೆಗಳು, ಬಳೆಬಳೆಯ ನಡುವೆ ನುಣುಪಾದ ತೋಡು. ಕಂಬವನ್ನು ತಿರುಗಿಸಿಯೇ ಕಡೆದದ್ದು ಎಂದು ವಿದ್ವಾಂಸರು ಹೇಳುತ್ತಾರೆ. ಅಷ್ಟು ಭಾರದ ಕಲ್ಲನ್ನು ಯಾವ ಬಗೆಯ ಲೇತಿನಲ್ಲಿ ತಿರುಗಿಸಿದರು ಎಂಬ ಬಗ್ಗೆ ಚರ್ಚೆ ನಡೆಯುತ್ತಲೇ ಇದೆ. ದೇವಸ್ಥಾನ ವಿಷ್ಣುವರ್ಧನನ ಕಾಲದ್ದು, 1117. ಯುನೆಸ್ಕೊ ಪಟ್ಟಿಗೆ ಸೇರಿದ್ದು 2023ರಲ್ಲಿ. ಟರ್ನರ್ ಹುಡುಗನೊಬ್ಬ ಆ ಬಳೆಗಳ ಮುಂದೆ ನಿಂತರೆ ಯಾರೂ ವಿವರಿಸಬೇಕಾಗಿಲ್ಲ, ಟೂಲು ಎಲ್ಲಿ ಒಳಗೆ ಹೋಯಿತು, ಎಲ್ಲಿ ಹೊರಗೆ ಬಂತು ಅವನಿಗೇ ಕಾಣುತ್ತದೆ.

ಆ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ. ಅಪ್ಪ, ಮಗ, ಒಂದೇ ಗುಡಿಯಲ್ಲಿ ಇಬ್ಬರ ಉಳಿ! ಮಗ ಅಪ್ಪನ ಅಪ್ರೆಂಟಿಸ್ ಆಗಿದ್ದಿರಬೇಕಲ್ಲವೇ? ನಮಗೂ ಜಾಬ್ ಮುಗಿದ ಮೇಲೆ ಒಂದು ಮೂಲೆಯಲ್ಲಿ ನಮ್ಮ ರೋಲ್ ನಂಬರನ್ನು ಪಂಚ್ ಹೊಡೆಯುವ ಪದ್ಧತಿ ಇತ್ತು. ನಂಬರ್ ಪಂಚನ್ನು ನೆಟ್ಟಗೆ ಹಿಡಿದು, ಸುತ್ತಿಗೆಯ ಒಂದೇ ಏಟು. ಎರಡನೇ ಏಟು ಹೊಡೆದರೆ ಅಂಕಿ ಜೋಡಿಯಾಗಿ ಮೂಡುತ್ತದೆ. ಅಂಕಿ ಬಿದ್ದ ಮೇಲೆ ಆ ತುಂಡು ನಿಮ್ಮದು, ಅದರ ಸರಿ ತಪ್ಪೂ ನಿಮ್ಮದು.

ಈಗ ಸಿಎನ್‌ಸಿ ಕಾಲ. ಪ್ರೋಗ್ರಾಮ್ ಹಾಕಿ ಬಾಗಿಲು ಮುಚ್ಚಿದರೆ ಒಳಗೆ ಬಿಳಿ ಕೂಲೆಂಟ್ ಸುರಿಯುತ್ತದೆ, ಕೆಲಸ ಮುಗಿದು ಬರುತ್ತದೆ. ನನಗೆ ಅದರ ಮೇಲೆ ಮುನಿಸಿಲ್ಲ, ಚೆಂದದ ಮಷಿನ್ನು. ಆದರೆ ಟೂಲು ಮೊಂಡಾದಾಗ ಸದ್ದು ಬದಲಾಗುತ್ತದಲ್ಲ, ಅದನ್ನು ಗುರುತಿಸುವ ಕಿವಿ ಹಳೆಯ ಮಷಿನ್ನಿನ ಮುಂದೆ ನಿಂತವನಿಗೆ ಬೇಗ ಬರುತ್ತದೆ. ಅದಕ್ಕೇ ಅರದಿಂದ ಶುರುಮಾಡುವ ಪದ್ಧತಿಯನ್ನು ಬಿಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಗನೋ ಮಗಳೋ ಎಸ್ಸೆಸ್ಸೆಲ್ಸಿ ಮುಗಿಸಿ ಕೂತಿದ್ದರೆ, "ಐಟಿಐ ಅಂದ್ರೆ ಫೇಲಾದೋರಿಗೆ" ಅನ್ನುವ ಮೊದಲು ದಯವಿಟ್ಟು ಒಂದು ಕೆಲಸ ಮಾಡಿ. ಹಾಸನದಲ್ಲಿ ಸರ್ಕಾರಿ ಐಟಿಐ ಇದೆ, ಟೂಲ್ ರೂಮ್ ತರಬೇತಿ ಕೊಡುವ ಜಿಟಿಟಿಸಿ ಇದೆ, ಕೆಎಸ್‌ಆರ್‌ಟಿಸಿಯ ವರ್ಕ್‌ಶಾಪು ಇದೆ. ಒಂದು ದಿನ ಮಗುವನ್ನು ಕರೆದುಕೊಂಡು ಹೋಗಿ, ಕೇಳಿಕೊಂಡು ಒಳಗೆ ಹೋಗಿ ತೋರಿಸಿ. ಆಮೇಲೆ ಯಾವ ಓದು ಎಂಬ ಮಾತನ್ನು ಮಗುವಿಗೇ ಬಿಡಿ.