ಮಾವನ ವ್ಯಾನು, ನನ್ನ ಟ್ಯಾಂಕು

ನಮ್ಮ ತೀರ್ಥಹಳ್ಳಿ ಮಾವನಿಗೆ ಹಳೇ ಡೆಲಿವರಿ ವ್ಯಾನೊಂದನ್ನು ಓಡಾಡೋ ಮನೆ ಮಾಡೋ ಹುಚ್ಚು. ಮಂಚ, ಒಲೆ, ಕಪಾಟು ಎಲ್ಲ ಅವರೇ ಕೂರಿಸಿದರು. ನೀರಿನ ಟ್ಯಾಂಕು ಎಲ್ಲಿಡೋದು ಅಂತ ಮಾತ್ರ ನನ್ನ ಕೇಳಿದರು. ಮೆಕ್ಯಾನಿಕಲ್ ನಾಲ್ಕನೇ ಸೆಮ್ ನಾನು. "ಮೇಲಿಡಿ ಮಾವ, ಪಂಪ್ ಬೇಡ, ಗ್ರಾವಿಟಿಗೇ ಬರುತ್ತೆ" ಅಂದೆ. ಮನೆ ಇಂಜಿನಿಯರ್ ಹೇಳಿದ ಮೇಲೆ ಮುಗೀತಲ್ಲ! 200 ಲೀಟರಿನ ಟ್ಯಾಂಕು ಛಾವಣಿ ಏರಿತು.

ಮೊದಲ ಟ್ರಿಪ್ ಆಗುಂಬೆ ಘಾಟಿ ಇಳಿದು ಸೋಮೇಶ್ವರಕ್ಕೆ. 14 ಹೇರ್‌ಪಿನ್ ತಿರುವು. ಮೂರನೆಯದರಲ್ಲಿ ವ್ಯಾನು ಹೊರಕ್ಕೆ ವಾಲಿತು. ಸ್ಟೇರಿಂಗ್ ನೆಟ್ಟಗಾದ ಮೇಲೂ ಅರ್ಧ ಖಾಲಿಯಾಗಿದ್ದ ಟ್ಯಾಂಕಿನ ನೀರು ಧಡ್ ಅಂತ ಬಡಿದು ಇನ್ನೊಮ್ಮೆ ತೂಗಿತು. ಹಿಂದೆ ಕೂತಿದ್ದ ಅತ್ತೆ ಮಗಳನ್ನ ಅವುಚಿಕೊಂಡರು. ಮಾವ ಏನೂ ಅನ್ನಲಿಲ್ಲ, ಉಳಿದದ್ದೆಲ್ಲ ಫಸ್ಟ್ ಗೇರಲ್ಲೇ ಇಳಿಸಿದರು. ಬೈದಿದ್ರೆ ಚೆನ್ನಾಗಿತ್ತು.

ರಾತ್ರಿ ಲೆಕ್ಕ ಹಾಕಿದೆ. ಎಡ-ಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಎಷ್ಟು 'ಜಿ' ಅಡ್ಡಬಲಕ್ಕೆ ಗಾಡಿ ಮಗುಚುತ್ತೆ ಅನ್ನೋದರ ಅಂದಾಜು ಸಿಗುತ್ತೆ. ಅಗಲ 1.6 ಮೀಟರ್, ತೂಕ 3000 ಕೆಜಿ, ಎತ್ತರ 1.1 ಮೀಟರ್ ಅಂತಿಟ್ಟುಕೊಂಡರೆ 0.73. ತುಂಬಿದ ಟ್ಯಾಂಕು 2.6 ಮೀಟರ್ ಎತ್ತರದಲ್ಲಿ ಕೂತರೆ 0.67. 12 ಮೀಟರ್ ತ್ರಿಜ್ಯದ ತಿರುವಲ್ಲಿ 20 ಕಿ.ಮೀ. ವೇಗಕ್ಕೆ 0.26 ಸಾಕು, 30ಕ್ಕೆ ಅದೇ 0.59! ಸ್ಪ್ರಿಂಗ್ ವಾಲೋದು, ನೀರು ತುಳುಕೋದು ಇದರಲ್ಲಿ ಸೇರಿಲ್ಲ.

ಕಳೆದುಕೊಂಡದ್ದನ್ನ ಅಗಲದಿಂದಲೇ ವಾಪಸ್ ತರಬೇಕಂದ್ರೆ ಸುಮಾರು 14 ಸೆಂ.ಮೀ. ಬೇಕು. ಯೂರೋಪಿನ ಫಿಯೆಟ್ ಡುಕಾಟೊ ಮೋಟರ್‌ಹೋಮ್ ಚಾಸಿಗೆ ಇದನ್ನೇ ಮಾಡ್ತಾರೆ, ಹಿಂದಿನ ಚಕ್ರಗಳ ಅಗಲ 1790ರಿಂದ 1980 ಮಿ.ಮೀ. ನಾವು ಮಾಡಕ್ಕಾಗುತ್ತಾ? ಸ್ಪೇಸರ್ ಹಾಕಿ ಚಕ್ರ ಹೊರಗೆ ತಳ್ಳಿದರೆ ಬೇರಿಂಗ್ ಮೇಲೆ ಹೊರೆ, ಮೇಲೆ ಆರ್‌ಟಿಒ ಒಪ್ಪಬೇಕು. ಬಾಡಿಯಷ್ಟೇ ಅಗಲ ಮಾಡಿದರಂತೂ ಉಪಯೋಗವೇ ಇಲ್ಲ, ನೆಲ ಹಿಡಿಯೋದು ಟೈರು.

ಟ್ಯಾಂಕು ನೆಲದಡಿಗೆ ಇಳಿದರೆ? 0.75. ಖಾಲಿ ವ್ಯಾನಿಗಿಂತ ಜಾಸ್ತಿ! ಹಾಳೆ ತಗೊಂಡು ಹೋಗಿ ಮಾವನ ಮುಂದಿಟ್ಟು, ತಪ್ಪು ನಂದೇ ಅಂದೆ. ಅವರು ಲೆಕ್ಕ ನೋಡಲೇ ಇಲ್ಲ, "ಪಂಪಿಗೆ ಎಷ್ಟಾಗುತ್ತೋ ಮಾರಾಯ?" ಅಂದರು. ಒಳಗೆ ತಡೆಹಲಗೆ ಇರೋ ಟ್ಯಾಂಕನ್ನು ಎರಡು ಆಕ್ಸಲ್‌ಗಳ ಮಧ್ಯೆ ಕೂರಿಸಿದ್ವಿ.

ಅತ್ತೆ ಈಗಲೂ ವ್ಯಾನು ಹತ್ತೋ ಮುಂಚೆ ಒಮ್ಮೆ ಛಾವಣಿ ನೋಡ್ತಾರೆ. ಆಮೇಲೆ ನನ್ನ.