ಹಿಮದಲ್ಲಿ ಗಾಲಿಮನೆಯ ಪರೀಕ್ಷೆ

ಮಿನ್ನೆಸೋಟದಲ್ಲಿರುವ ಮಗನು ಹಳೆಯ ಕ್ಯಾಂಪರ್ ಟ್ರೇಲರೊಂದನ್ನು ಕೊಳ್ಳಹೊರಟಾಗ ನಾನೂ ಜೊತೆಗಿದ್ದೆ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಯದು. ಜನವರಿಯಾದ್ದರಿಂದ ಬೆಲೆ ಕಡಿಮೆ. ಆದರೆ ಚಾವಣಿಯ ಮೇಲೆ ಗೇಣೆತ್ತರ ಹಿಮ.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆಂದು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಅದರಿಂದ ಕೊಳವೆಗಳು ಒಡೆಯದಿರಲೆಂದು ಅಲ್ಲಿ ಚಳಿಗಾಲಕ್ಕೆ ಮುನ್ನವೇ ನೀರನ್ನು ಬಸಿದು, ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವವನ್ನು ತುಂಬಿರುತ್ತಾರೆ. ಹಾಗಾಗಿ ನಲ್ಲಿ ತಿರುಗಿಸಿ ಸೋರಿಕೆಯನ್ನು ಪರೀಕ್ಷಿಸುವಂತಿಲ್ಲ. ಹಿಮ ಸರಿಸಿ ಚಾವಣಿಯ ಸಂದುಗಳನ್ನು ನೋಡಿದೆವು. ನೆಲದ ಮೂಲೆಗಳನ್ನು ತುಳಿದು ನೋಡಿದೆವು. ನೀರು ಕುಡಿದ ಹಲಗೆ ಬೇಸಿಗೆಯಲ್ಲಿ ಮೆತ್ತಗೆ ತಗ್ಗುತ್ತದೆ. ಚಳಿಯಲ್ಲಿ ಅದೇ ಹೆಪ್ಪುಗಟ್ಟಿ ಕಲ್ಲಿನಂತಿರುತ್ತದೆ.

ಅವನ ಮೂರು ವರ್ಷಗಳ ಉಳಿತಾಯವದು. ವಸಂತದಲ್ಲಿ ನೀರು ಹರಿಸಿ ನೋಡುವವರೆಗೆ ಹಣದ ಒಂದು ಪಾಲನ್ನು ಉಳಿಸಿಕೊಳ್ಳುವ ಷರತ್ತನ್ನು ಬರೆಸಿಕೊಂಡೇ ಮುಂಗಡ ಕೊಟ್ಟನು. ಮಾರುವವರೂ ಸಂತೋಷದಿಂದ ಒಪ್ಪಿದರು. ಕಣ್ಣಿಗೆ ಕಾಣದ್ದನ್ನು ಕಾಗದಕ್ಕಿಳಿಸುವುದು ಇಬ್ಬರಿಗೂ ಕ್ಷೇಮ.