ಬಂಡೆಯೊಳಗಿನ ಓಟ

ಗದಗದಿಂದ ಮುಂಡರಗಿ ಹಾದಿ ಹಿಡಿದು ಡಂಬಳ ದಾಟುತ್ತಿದ್ದಂತೆ ಬಲಕ್ಕೆ ಕಪ್ಪತಗುಡ್ಡದ ಸಾಲು, ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು. ಗುಡ್ಡದ ಬುಡದ ಹೊಲವೊಂದರಲ್ಲಿ ಹಳೆಯ ಬಾವಿಗೆ ಇಳಿದೆ. ಮೇಲೆ ಮಸಾರಿ ಮಣ್ಣು, ಕೆಳಗೆ ಗರಸು, ಅದರಡಿ ಪದರು ಪದರಾಗಿ ಬಿರಿದ ಹಸಿರುಗಪ್ಪು ಕಲ್ಲು. 250 ಕೋಟಿ ವರ್ಷಕ್ಕೂ ಹಳೆಯ ಕಲ್ಲು! ಅಂಗೈ ಇಟ್ಟರೆ ತಣ್ಣಗೆ ಜಿನುಗುತ್ತಿತ್ತು.

“ಎಲ್ಲಿ ಬಡೀಲಿ, ತಮ್ಮಾ?” ಎಂದರು ಹೊಲದ ಅಜ್ಜ, ಹಾರಿ ಎತ್ತಿ. ನಾನು ಎದುರು ಗೋಡೆಗೆ ಕಿವಿ ಹಚ್ಚಿದೆ. ಗರಸಿಗೆ ಬಡಿದಾಗ ದಬ್ ಎಂದು ಅಲ್ಲೇ ಸತ್ತ ಸದ್ದು, ಬಂಡೆಗೆ ಬಡಿದಾಗ ಠಣ್ಣನೆ ನನ್ನ ದವಡೆಯ ಎಲುಬಿಗೇ ಬಂತು.

“ಗಟ್ಟಿ ಇದ್ದಲ್ಲಿ ಓಡತೈತಿ, ಪೊಳ್ಳಿದ್ದಲ್ಲಿ ಸಾಯತೈತಿ” ಎಂದರು ಅಜ್ಜ.

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ನೀರಿನಲ್ಲಿ 1,500, ಬಿರುಕಿಲ್ಲದ ಬಂಡೆಯಲ್ಲಿ 5,000ಕ್ಕೂ ಹೆಚ್ಚು. ಒಣ ಸಡಿಲ ಮಣ್ಣಿನಲ್ಲಿ ಮಾತ್ರ ಗಾಳಿಗಿಂತಲೂ ನಿಧಾನವಾಗಬಹುದು. ಅಲ್ಲಿ ಕಣಕ್ಕೆ ಕಣ ತುಸುವೇ ತಾಗಿರುತ್ತದೆ, ನಡುವಿನ ಗಾಳಿ ಒತ್ತಿದರೆ ಕುಗ್ಗಿಬಿಡುತ್ತದೆ. ಅದೇ ಸಂದುಗಳಲ್ಲಿ ನೀರು ತುಂಬಲಿ, ನೀರು ಕುಗ್ಗಲೊಲ್ಲದು. ವೇಗ ಒಮ್ಮೆಲೇ 1,500ರ ಆಚೆ ಜಿಗಿಯುತ್ತದೆ. ಚೂರು ಗಾಳಿಗುಳ್ಳೆ ಉಳಿದರೂ ಸಾಕು, ಮತ್ತೆ ಕುಸಿತ.

ಇನ್ನೂ ಬೆರಗಿನ ಸಂಗತಿಯೊಂದಿದೆ. ಬೆಲ್ಜಿಯಂನಲ್ಲಿ ಹುಟ್ಟಿದ ಮಾರಿಸ್ ಬಿಯೋ 1956ರಲ್ಲಿ ಲೆಕ್ಕ ಹಾಕಿ ಹೇಳಿದ್ದು: ನೀರು ತುಂಬಿದ ರಂಧ್ರಗಲ್ಲಿನಲ್ಲಿ ಒತ್ತಡದ ಅಲೆಗಳು ಎರಡು. ಒಂದರಲ್ಲಿ ಕಲ್ಲು, ನೀರು ಜೊತೆಯಾಗಿ ಅದುರುತ್ತವೆ. ಇನ್ನೊಂದರಲ್ಲಿ ಕಲ್ಲು ಒಂದು ಕಡೆ ಸರಿದರೆ ನೀರು ಎದುರು ಸರಿಯುತ್ತದೆ. ಈ ಎರಡನೆಯದು ನಿಧಾನಿ, ತಿಕ್ಕಾಟದಲ್ಲಿ ಬೇಗ ಕರಗುತ್ತದೆ. 1980ರಲ್ಲಿ ಪ್ಲೋನಾ ಎಂಬ ವಿಜ್ಞಾನಿ ಗಾಜಿನ ಮಣಿಗಳನ್ನು ಬೆಸೆದು, ನೀರುಣಿಸಿ, ಪ್ರಯೋಗಾಲಯದಲ್ಲಿ ಅದನ್ನು ಹಿಡಿದರು. ಈ ಒದ್ದೆ ಗೋಡೆಯೊಳಗೂ ಅಂಥದೊಂದು ಎದ್ದು ಅಡಗಿರಬಹುದೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಬಾವಿಯ ಈ ಹಸಿರುಗಪ್ಪು ಕಲ್ಲಿನ ಪಟ್ಟಿ ದಕ್ಷಿಣಕ್ಕೆ ಚಿತ್ರದುರ್ಗದಾಚೆಗೂ ಚಾಚಿದೆ. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ, ಅದನ್ನು ಅಡ್ಡ ಹಾಯ್ದು, ಸ್ಫೋಟದ ಅಲೆಗಳನ್ನು ಆಲಿಸಿದರು. ಭೂಚಿಪ್ಪಿನ ತಳವನ್ನೇ ಸದ್ದಿನಿಂದ ಅಳೆದರು. ಹೊಲದ ಅಳತೆಗೆ ಸ್ಫೋಟ ಬೇಡ. ಲೋಹದ ಫಲಕ, ದೊಡ್ಡ ಸುತ್ತಿಗೆ, ನೆಲದ ಅದುರು ಹಿಡಿಯಲು ಸಾಲಾಗಿ ನೆಟ್ಟ ಜಿಯೋಫೋನ್‌ಗಳು ಸಾಕು.

“ಹಂಗಾದ್ರ ನೀರು ಎಲ್ಲೈತಿ ಅಂತ ಸುತ್ತಿಗಿ ಹೇಳತೈತೇನು?” ಅಜ್ಜ ಕೇಳಿದರು.

ಗರಸು ಎಷ್ಟು ಆಳ, ಅದರಲ್ಲಿ ನೀರು ತುಂಬಿದೆಯೇ ಎಂಬುದನ್ನು ಹೇಳುತ್ತದೆ, ಅಜ್ಜಾರ, ಎಂದೆ. ಅದರ ಕೆಳಗಿನ ಗಟ್ಟಿ ಬಂಡೆಯ ಸಣ್ಣ ಸೀಳು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಕರೆಂಟ್ ಹಾಯಿಸಿ ನೆಲದ ರೋಧವನ್ನೂ ಅಳೆಯುತ್ತಾರೆ. ಅಜ್ಜ ಹಾರಿಯನ್ನು ಇನ್ನೊಂದು ಪದರಿಗೆ ಇಟ್ಟು, “ಇಲ್ಲಿ ಕೇಳ ನೋಡೂಣು” ಎಂದರು.